ಮಾತು ಬಿಟ್ಟವರು

ವರಲಕ್ಷ್ಮಿ ಗಾರ್ಮೆಂಟ್ಸಿನ ಕಲೆ ತೆಗೆಯುವ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಹನ್ನೊಂದು ಹನ್ನೆರಡಕ್ಕೆ ಅವಳ ಹೆಸರಿನಲ್ಲಿ, ಲೋಕಕ್ಕೆಲ್ಲ ಕಾಣುವ ಹಾಗೆ, ಒಂದು ಮಾತು ಹೊರಟಿತು: ‘ಹೊಸ ಜಾಗಕ್ಕೆ ಹಾಕವ್ರೆ. ತಣ್ಣಗೆ ಗಾಳಿ ಬೀಸ್ತದೆ. ಮನಸಿಗೆ ಬೆಲ್ಲ ತಿಂದಂಗಾಯ್ತು.’

ಅದು ಹೊರಟದ್ದನ್ನು ಎಲ್ಲರಿಗಿಂತ ಮೊದಲು ಕಂಡವನು ಅವಳ ತಮ್ಮ ಕೆಂಪರಾಜು. ಮದ್ದೂರಿನಾಚೆ ಹೆದ್ದಾರಿಗೆ ಅಂಟಿಕೊಂಡಿರುವ ಅದೇ ಗಾರ್ಮೆಂಟ್ಸಿನ ಮೂರನೇ ಮಹಡಿಯ ಏಸಿ ಕೋಣೆಯಲ್ಲಿ, ದೊಡ್ಡ ಪರದೆಯ ಮುಂದೆ ಅವನ ಕುರ್ಚಿ. ಕೆಳಗೆ ಹೊಲಿಯುವ ಸಾವಿರದ ನಾನೂರು ಹೆಂಗಸರ ಮಾತುಗಳು ಇಪ್ಪತ್ತು ಸೆಕೆಂಡಿಗೊಂದರಂತೆ ಆ ಪರದೆಯ ಮೇಲೆ ಹರಿದು ಹೋಗುತ್ತವೆ. ಸರಿಯಾಗಿ ಹೋದರೆ ಹಸಿರು ದೀಪ, ಸಿಕ್ಕಿಕೊಂಡರೆ ಕೆಂಪು. ಅಕ್ಕನ ಹೆಸರಿನ ಪಕ್ಕ ಹಸಿರು ಬಂತು. ಪರವಾಗಿಲ್ಲವೇ, ಯಂತ್ರ ಅಕ್ಕನ ಹಾಗೇ ಮಾತಾಡುತ್ತದಲ್ಲ ಅಂದುಕೊಂಡು ಅವನು ಚಹಾ ಲೋಟ ಎತ್ತಿದ. ಅದು ಬಾಯಿಗೆ ಹೋಗುವ ಮೊದಲೇ ವಾಚ್‌ಮನ್ ಬಾಗಿಲು ದಬ್ಬಿಕೊಂಡು ಬಂದು, ನಿಮ್ಮಕ್ಕ ಬಿದ್ದೋಗವ್ರೆ ಅಂದ.

ಕೆಳಗೆ ಓಡಿ ಬಂದಾಗ ಅವಳನ್ನು ವಾಪಸ್ ಬಂದ ಶರ್ಟುಗಳ ರಾಶಿಯ ಮೇಲೆ ಮಲಗಿಸಿದ್ದರು. ತುಟಿ ನೀಲಿ. ಪಕ್ಕದಲ್ಲಿ ಕೂತ ದುಂಡಮ್ಮ, ಇಪ್ಪತ್ತು ವರ್ಷದಿಂದ ಆ ಕಾರ್ಖಾನೆಯಲ್ಲೇ ಕಾಲರು ಹೊಲಿಯುತ್ತಿದ್ದ ಹೆಂಗಸು, ರಟ್ಟಿನ ಚೂರಿನಲ್ಲಿ ಗಾಳಿ ಹಾಕುತ್ತಿದ್ದಳು. ಕಂಪನಿಯ ವ್ಯಾನು ಊಟದ ಮೇಲೆ ಬರುತ್ತದೆ ಅಂದ ಸೂಪರ್‌ವೈಸರ್. ಕೆಂಪರಾಜು ಅವನನ್ನು ನೂಕಿ, ಅಕ್ಕನನ್ನು ಎತ್ತಿಕೊಂಡು ಹೆದ್ದಾರಿಗೆ ಹೋಗಿ ಆಟೋ ಹಿಡಿದ. ಗೇಟಿನಲ್ಲಿ ವಾಪಸ್ ಕೊಟ್ಟ ಅವಳ ಬ್ಯಾಗಿನೊಳಗಿಂದ ಫೋನು ಟಿಂಗ್ ಅಂತು. ಎಲ್ಲೋ ಹಿಮ ಬೀಳುವ ದೇಶದ ಹೆಂಗಸೊಬ್ಬಳು ವರಲಕ್ಷ್ಮಿಯ ತಣ್ಣನೆ ಗಾಳಿಗೆ ಹೃದಯದ ಗುರುತು ಒತ್ತಿದ್ದಳು.

ಅವನಿಗೆ ಆಗ ಆ ಫೋನನ್ನು ರಸ್ತೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಎಸೆದರೂ ಮಾತು ನಿಲ್ಲುವುದಿಲ್ಲ ಅಂತ ಅವನಷ್ಟು ಚೆನ್ನಾಗಿ ಆ ಜಿಲ್ಲೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಆ ವ್ಯವಸ್ಥೆ ಶುರುವಾದದ್ದು ಒಳ್ಳೆಯದಕ್ಕೇ ಅಂತೆ. ಯಾವುದೋ ದೇಶದಲ್ಲಿ ಬಟ್ಟೆ ಕಾರ್ಖಾನೆಯೊಂದು ಬೀಗ ಹಾಕಿದ ಬಾಗಿಲ ಹಿಂದೆ ಉರಿದುಹೋಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಮುನ್ನೂರು ಜನರ ಫೋನು ಒಂದೇ ಸಲ ಸುಮ್ಮನಾದದ್ದನ್ನು ಮಾರನೇ ದಿನದವರೆಗೆ ಯಾರೂ ಗಮನಿಸಿರಲಿಲ್ಲ. ಆಮೇಲೆ ಬಟ್ಟೆ ಕೊಳ್ಳುವ ದೊಡ್ಡ ಕಂಪನಿಗಳು ಸೇರಿ ಒಂದು ಕಟ್ಟಳೆ ಮಾಡಿದವು. ಶರ್ಟು ಹೊಲಿಯುವ ಪ್ರತಿ ಹೆಂಗಸಿಗೂ ಜಗಲಿಯಲ್ಲಿ ಒಂದು ಖಾತೆ ಇರಬೇಕು. ಜಗಲಿ ಅಂದರೆ ಆಗ ಎಲ್ಲರ ಫೋನಿನಲ್ಲೂ ಇದ್ದ ಹರಟೆಕಟ್ಟೆ. ಅವಳು ದಿನಕ್ಕೆ ಒಂದು ಮಾತಾದರೂ ಅಲ್ಲಿ ಆಡಬೇಕು. ಕಾಲರಿನ ಚೀಟಿಗೆ ಫೋನು ಹಿಡಿದರೆ ಕೊಂಡವರಿಗೆ ಹೊಲಿದವಳ ಮಾತು ಕಾಣಬೇಕು. ಆ ಮಾತುಗಳನ್ನೆಲ್ಲ ಓದಿ ಕಾರ್ಖಾನೆಗೆ ಅಂಕ ಹಾಕಲು ಅವರ ಕಡೆ ಒಂದು ಯಂತ್ರ. ಹೆಂಗಸರು ಅದಕ್ಕೆ ಕಿವಿ ಅಂತ ಹೆಸರಿಟ್ಟರು.

ಮೊದಲ ತಿಂಗಳು ಹೆಂಗಸರೇ ಬರೆದರು. ಉಚ್ಚೆಗೆ ಬುಡಲ್ಲ ಅಂತ ಬರೆದರು. ಸೂಪರ್‌ವೈಸರ್ ಬಾಯಿ ಗಬ್ಬು ಅಂತ ಬರೆದರು. ಒಬ್ಬಳು ಬರೀ ಕಾಲುನೋವು ಅಂತ ಮೂವತ್ತು ದಿನ ಮೂವತ್ತು ಸಲ ಬರೆದಳು. ಕಾರ್ಖಾನೆಯ ಅಂಕ ಪಾತಾಳಕ್ಕೆ ಹೋಯಿತು. ಎರಡನೇ ತಿಂಗಳು ಮೂರನೇ ಮಹಡಿಗೆ ಗಿಣಿ ಬಂತು.

ಗಿಣಿಯೂ ಯಂತ್ರವೇ. ಜಗಲಿಗೆ ಎರಡು ಬಾಗಿಲು. ಮನುಷ್ಯರು ಮುಂಬಾಗಿಲಿಂದ ಬರಬೇಕು. ಫೋನು ಅವರ ಮುಖ ನೋಡಿ, ದನಿ ಕೇಳಿ, ಇವರೇ ಅವರು ಅಂತ ಒಪ್ಪಿದ ಮೇಲೆ ಮಾತು ಒಳಗೆ ಹೋಗುತ್ತದೆ. ಹಿಂಬಾಗಿಲು ಪ್ರೋಗ್ರಾಮುಗಳಿಗೆ. ಅದಕ್ಕೆ ಎಪಿಐ ಅನ್ನುತ್ತಾರೆ. ಒಂದು ಪ್ರೋಗ್ರಾಮು ಅಲ್ಲಿಗೆ ಬಂದು, ಇಂಥವಳ ಹೆಸರಲ್ಲಿ ಇಷ್ಟು ಹೊತ್ತಿಗೆ ಈ ಮಾತು ಹಾಕು ಅಂದರೆ ಮುಗಿಯಿತು. ಮುಖ ಬೇಡ, ದನಿ ಬೇಡ. ಬೇಕಾದದ್ದು ಬೀಗದ ಕೈ ಒಂದೇ, ಅರವತ್ತನಾಲ್ಕು ಅಕ್ಷರದ ಒಂದು ಗುರುತು. ಅದು ಯಾರ ಹತ್ತಿರ ಇದೆಯೋ ಅವರು ಸಾವಿರದ ನಾನೂರು ಬಾಯಿಗಳ ಯಜಮಾನರು. ಹೀಗೆ ಇಲ್ಲಿ ಗಿಣಿ ಹೇಳುತ್ತಿತ್ತು, ಅಲ್ಲಿ ಕಿವಿ ಕೇಳುತ್ತಿತ್ತು, ಅಂಕ ಏರುತ್ತಿತ್ತು, ಶರ್ಟು ಹಡಗು ಹತ್ತುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ ಮನುಷ್ಯರು ಅನ್ನುವವರು ಯಾರೂ ಬಾಯಿ ತೆರೆಯಬೇಕಾಗಿರಲಿಲ್ಲ.

ಕೆಂಪರಾಜು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬೂಟು ಇಲ್ಲ ಅಂತ ಹೊರಗೆ ನಿಲ್ಲಿಸಿದ ಮೇಷ್ಟ್ರಿಗೆ, ಪಾಠ ಕಾಲಿಗೆ ಹೇಳಿಕೊಡ್ತೀರಾ ಸಾರ್ ಅಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದಿದ್ದ. ತಿರುಗಿ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಚ್ಚುತ್ತಾ ಮುಚ್ಚುತ್ತಾ, ಕಾಲೇಜಿನವರಿಗೆ ತಿಳಿಯದ್ದನ್ನೂ ಕಲಿತ. ಗಂಡನ ಮನೆ ಬಿಟ್ಟು ಬಂದು ಅವನನ್ನು ಸಾಕಿದ ವರಲಕ್ಷ್ಮಿಯೇ ಗಾರ್ಮೆಂಟ್ಸಿನಲ್ಲಿ ಮಾತಾಡಿ ಅವನನ್ನು ಗಿಣಿ ಕೋಣೆಗೆ ಸೇರಿಸಿದ್ದಳು. ಕೋಣೆಯ ಮುಖ್ಯಸ್ಥ ಶ್ರೀವತ್ಸ, ಮೆತ್ತನೆ ಮಾತಿನ ಮನುಷ್ಯ, ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬರುವವನು. ಮೊದಲ ದಿನವೇ ಅವನು ಹೇಳಿದ್ದು ಒಂದೇ ಮಾತು. ತಪ್ಪು ಹೋದರೂ ಚಿಂತೆ ಇಲ್ಲ, ತಡವಾಗಿ ಹೋದರೂ ಚಿಂತೆ ಇಲ್ಲ, ನಿಲ್ಲಬಾರದು. ಕೆಲಸದ ಹೊತ್ತಿನಲ್ಲಿ ಒಂದು ಕಾರ್ಖಾನೆಯ ಎಲ್ಲ ಖಾತೆಗಳೂ ಎರಡು ಗಂಟೆ ಒಟ್ಟಿಗೆ ಸುಮ್ಮನಿದ್ದರೆ ಅಲ್ಲಿ ಬೆಂಕಿ ಬಿದ್ದಿದೆ ಅಂತ ಕಿವಿ ತೀರ್ಮಾನ ಮಾಡುತ್ತದೆ. ಬಂದರಿನಲ್ಲಿ ಮಾಲು ನಿಲ್ಲುತ್ತದೆ, ಪರೀಕ್ಷೆ ಮಾಡುವ ಜನ ಹೇಳದೆ ಕೇಳದೆ ಬಾಗಿಲಿಗೆ ಬರುತ್ತಾರೆ. ಅದಕ್ಕೇ ಹೊಲಿಗೆ ಮಿಷನ್ನಿಗೆ ಕರೆಂಟು ಹೋದರೂ ಗಿಣಿಗೆ ಹೋಗದ ಹಾಗೆ ಮೂರು ಬ್ಯಾಟರಿ ಇಟ್ಟಿದ್ದರು.

ಗಿಣಿಗೆ ಮಾತು ಕಲಿಸುವ ಕೆಲಸ ಕೆಂಪರಾಜುವಿಗೆ ಬಂತು. ಪ್ರತಿ ಹೆಂಗಸನ್ನೂ ಹತ್ತು ನಿಮಿಷ ಮಾತಾಡಿಸಿ ಧ್ವನಿ ಹಿಡಿಯಬೇಕು, ಒಂದು ವಾರದಲ್ಲಿ ಮುಗಿಸಬೇಕು ಅಂದ ಶ್ರೀವತ್ಸ. ಲೈನಿನಿಂದ ಒಬ್ಬಳನ್ನೂ ಎಬ್ಬಿಸಲು ಸೂಪರ್‌ವೈಸರ್‌ಗಳು ಬಿಡಲಿಲ್ಲ, ಟಾರ್ಗೆಟ್ಟು ಬೀಳುತ್ತದೆ ಅಂದರು. ಊಟದ ಹೊತ್ತಿನಲ್ಲಿ ಮೈಕು ಹಿಡಿದರೆ ಹೆಂಗಸರು, ಏನ್ ಹೇಳನಪ್ಪ, ಎಲ್ಲ ಚೆನ್ನಾಗದೆ ಬುಡು ಅಂದು ಮುದ್ದೆ ಮುರಿದರು. ವಾರ ಮುಗಿಯಲು ಎರಡು ದಿನ ಇದ್ದಾಗ ಕೈಯಲ್ಲಿ ಹನ್ನೊಂದು ಜನರ ಮಾತಿತ್ತು.

ಆ ಭಾನುವಾರ ಮನೆಯಲ್ಲಿ ವರಲಕ್ಷ್ಮಿ ಅವರೆಕಾಳು ಇದುಕುತ್ತಾ ಕೂತಿದ್ದಳು. ಕೈಗೆ ಅವರೆಕಾಳು ಸಿಕ್ಕರೆ ಅವಳ ಬಾಯಿಗೆ ತಡೆಯಿಲ್ಲ. ಕೆಂಪರಾಜು ಪಕ್ಕದಲ್ಲಿ ಫೋನಿಟ್ಟು ಮಾತಿಗೆಳೆದ. ಅವಳು ಅವ್ವನ ಕಥೆ ಹೇಳಿದಳು, ಗಂಡನ ಮನೆಯ ನಾಯಿಯ ಕಥೆ ಹೇಳಿದಳು, ಲೈನಿನಲ್ಲಿ ಯಾರು ಯಾರ ಟಿಫನ್ ಬಾಕ್ಸು ಕದ್ದು ತಿಂದರು ಅಂತ ಹೇಳಿ ತಾನೇ ನಕ್ಕಳು. ಮನಸಿಗೆ ಬೆಲ್ಲ ತಿಂದಂಗಾಯ್ತು ಅನ್ನುವುದು ಅವಳ ಮಾತಿನ ಚಟ. ಐದು ಗಂಟೆಯಷ್ಟು ಮಾತು ಸಿಕ್ಕಿತು. ಅವನು ಅದನ್ನು ಚೂರು ಚೂರು ಮಾಡಿದ. ಹತ್ತಿ ದೂಳಿಗೆ ಆಗಲೇ ಅವಳಿಗೆ ಸಣ್ಣ ಕೆಮ್ಮಿತ್ತು. ಕೆಮ್ಮು ಬಂದ ಕಡೆಯೆಲ್ಲ ಕತ್ತರಿಸಿ ಎಸೆದ. ಉಳಿದ ಚೂರುಗಳ ದನಿಯನ್ನು ಪ್ರೋಗ್ರಾಮಿನಲ್ಲಿ ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ಸಾವಿರದ ಮುನ್ನೂರ ಎಂಬತ್ತೊಂಬತ್ತು ಹೆಸರಿಗೆ ಹಂಚಿಬಿಟ್ಟ. ಶ್ರೀವತ್ಸ ಬೆನ್ನು ತಟ್ಟಿದ. ಎಷ್ಟು ಸಹಜವಾಗಿದೆ ಅಂತ ಕಿವಿಯೂ ಮೆಚ್ಚಿ ಅಂಕ ಏರಿಸಿತು.

ಹಾಗೆ, ಒಂದು ಅವರೆಕಾಳಿನ ಭಾನುವಾರ, ತನ್ನ ಅಕ್ಕನ ನಾಲಿಗೆಯನ್ನು ಕಿತ್ತು ಅವನು ಸಾವಿರದ ನಾನೂರು ಬಾಯಿಗೆ ಇಟ್ಟಿದ್ದ. ಅದು ಅವನಿಗೆ ಆಗ ಕಳ್ಳತನ ಅನ್ನಿಸಲಿಲ್ಲ. ಕೆಲಸ ಮುಗೀತು ಅನ್ನಿಸಿತು, ಅಷ್ಟೇ.

ಕಲೆ ಕೋಣೆಗೆ ಅವಳನ್ನು ಹಾಕಿದ್ದು ಅದಾದ ಒಂದು ವರ್ಷದ ಮೇಲೆ, ಟಾಯ್ಲೆಟ್ಟಿಗೆ ಹೋದವಳ ಹೆಸರು ಬರೆಯಬೇಡ ಅಂತ ಸೂಪರ್‌ವೈಸರಿಗೆ ಎದುರು ಮಾತಾಡಿದ್ದಕ್ಕೆ. ಕೆಳ ಮಹಡಿಯ ಮೂಲೆ, ಕಿಟಕಿಯಿಲ್ಲ. ಶರ್ಟಿಗೆ ಅಂಟಿದ ಎಣ್ಣೆ ಕಲೆಗೆ ಗನ್ನಿನಲ್ಲಿ ಔಷಧಿ ಹೊಡೆದು ತೆಗೆಯುವ ಕೆಲಸ. ಔಷಧಿ ಸಿಹಿ ಸಿಹಿ ವಾಸನೆ, ಪೆಟ್ರೋಲಿಗೆ ಬಾಳೆಹಣ್ಣು ಕಿವುಚಿದ ಹಾಗೆ. ಗೋಡೆಯಲ್ಲಿ ಎರಡು ದೊಡ್ಡ ಫ್ಯಾನು ಇದ್ದವು. ಅವು ತಿರುಗಿದರೆ ಬಾಗಿಲ ಕಡೆಯ ದೂಳು ಎಳೆದು ಬಿಳಿ ಶರ್ಟಿನ ಮೇಲೆ ಕೂರಿಸುತ್ತವೆ ಅಂತ ಐದು ತಿಂಗಳ ಹಿಂದೆ ನಿಲ್ಲಿಸಿದ್ದರು. ಒಳಗೆ ಇಪ್ಪತ್ತೆರಡು ಹೆಂಗಸರು.

ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ವರಲಕ್ಷ್ಮಿಯ ಬೆರಳ ತುದಿಗೆ ಸೂಜಿ ಚುಚ್ಚಿ, ಗೊತ್ತಾಗುತ್ತಾ ಅಂತ ಕೇಳಿದರು. ಮೂರು ಬೆರಳಿಗೆ ಗೊತ್ತಾಗಲಿಲ್ಲ. ಆ ಕೋಣೆಗೆ ಇನ್ನು ಕಾಲಿಡಬೇಡಿ, ಇಟ್ಟರೆ ಆರು ತಿಂಗಳಲ್ಲಿ ಉಸಿರಿಗೆ ಪೈಪು ಬೇಕಾಗುತ್ತದೆ ಅಂದರು. ಜೊತೆಯವರೂ ಬಂದು ತೋರಿಸಲಿ ಅಂದರು.

ಕೆಂಪರಾಜು ಮಾರನೇ ದಿನ ಶ್ರೀವತ್ಸನ ಮುಂದೆ ನಿಂತ. ಅಕ್ಕನನ್ನು ಬೇರೆ ಲೈನಿಗೆ ಹಾಕಿಸಿ, ಫ್ಯಾನು ಹಾಕಿಸಿ ಅಂತ ಕೇಳಿಕೊಂಡ. ಶ್ರೀವತ್ಸ ಕುರ್ಚಿ ಕೊಟ್ಟ, ನೀರು ಕೊಟ್ಟ, ಎಲ್ಲ ಕೇಳಿದ. ಆಮೇಲೆ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದ.

“ನೋಡಿ ಕೆಂಪರಾಜ್, ಓದಿ. ಹೊಸ ಜಾಗ, ತಣ್ಣಗೆ ಗಾಳಿ ಬೀಸ್ತದೆ. ನಿಮ್ಮ ಅಕ್ಕನೇ ಹೇಳಿದ್ದಾರಲ್ಲ.”

ಕೆಂಪರಾಜುವಿಗೆ ಅವನು ತಮಾಷೆ ಮಾಡುತ್ತಿದ್ದಾನೆ ಅನ್ನಿಸಿತು. ಮುಖ ನೋಡಿದ. ತಮಾಷೆ ಇರಲಿಲ್ಲ.

“ಸಾರ್, ಅದು ಗಿಣಿ ಬರೆದದ್ದು. ನಾನೇ ಹಸಿರು ನೋಡಿದೀನಿ.”

“ದಾಖಲೆ ಇರೋದು ಇದೇ. ಮೇಲಿನವರು ನೋಡೋದೂ ಇದನ್ನೇ. ಇದರ ವಿರುದ್ಧ ನಾನು ಹೇಗೆ ಹೋಗಲಿ, ನೀವೇ ಹೇಳಿ.”

ತಾನೇ ಬರೆಸಿದ ಸುಳ್ಳನ್ನು ತಾನೇ ಓದಿ, ತಾನೇ ನಂಬಿ, ಮುಖದ ಮೇಲೆ ಒಂದು ಗೆರೆಯೂ ಅಲುಗಾಡದೆ ಕೂತಿರುವ ಮನುಷ್ಯನನ್ನು ಅವನು ಅವತ್ತೇ ಮೊದಲು ನೋಡಿದ್ದು. ಬಯ್ಯುವವನಾಗಿದ್ದರೆ ತಿರುಗಿ ಬಯ್ಯಬಹುದಿತ್ತು. ಹೊಡೆಯುವವನಾಗಿದ್ದರೆ ಕೈ ಹಿಡಿಯಬಹುದಿತ್ತು. ಈ ಮನುಷ್ಯ ನೀರು ಕುಡಿಯಿರಿ ಅನ್ನುತ್ತಿದ್ದ. ಕೆಂಪರಾಜು ಲೋಟವನ್ನು ಅಲ್ಲೇ ಬಿಟ್ಟು ಎದ್ದು ಬಂದ.

ಎರಡು ದಿನ ಮಲಗಿದ್ದ ವರಲಕ್ಷ್ಮಿ ಮೂರನೇ ದಿನ ಎದ್ದು ಕೂತಳು. ಕೆಲಸಕ್ಕೆ ಹೋಗಬೇಡ ಅಂದರೆ, ಉಳಿದ ಇಪ್ಪತ್ತೊಂದು ಜನ ಅಲ್ಲೇ ಅವ್ರಲ್ಲ ಅಂದಳು. ಕೋಣೆಯ ಹೆಂಗಸರು ಅವಳ ಮಾತು ಕೇಳುತ್ತಾರೆ, ಅವಳು ಸುಮ್ಮನಾದರೆ ಎಲ್ಲ ಸುಮ್ಮನಾಗುತ್ತಾರೆ. ನನ್ನ ಹೆಸರಲ್ಲಿ ಬರೆದಿರೋದನ್ನ ನಾನೇ ಅಳಿಸ್ತೀನಿ, ಹೆಂಗೆ ಅಂತ ತೋರ್ಸು ಅಂದಳು. ಗಿಣಿ ಬಂದ ಮೇಲೆ ಕಚೇರಿಯವರೇ ಇಟ್ಟುಕೊಂಡಿದ್ದ ಅವಳ ಖಾತೆಯ ಗುಪ್ತಪದವನ್ನು ಕೆಂಪರಾಜು ತಂದುಕೊಟ್ಟ. ಬೆಳಿಗ್ಗೆ ಬಿಸಿಲಿಗೆ ಬಾಗಿಲ ಮೆಟ್ಟಿಲ ಮೇಲೆ ಕೂತು, ಫೋನನ್ನು ಮುಖಕ್ಕೆ ಹಿಡಿದು, ಉಸಿರು ಕಟ್ಟಿದಾಗ ನಿಲ್ಲಿಸಿ ನಿಲ್ಲಿಸಿ ಅವಳು ಮಾತಾಡಿದಳು. ಫ್ಯಾನಿನ ವಿಷಯ, ಔಷಧಿಯ ವಿಷಯ, ಬೆರಳಿನ ವಿಷಯ. ಕೊನೆಗೆ, ತಣ್ಣಗೆ ಗಾಳಿ ಅಂದೋಳು ನಾನಲ್ಲ, ಬೆಲ್ಲ ತಿಂದಂಗೆ ಅನ್ನೋಕೆ ಬಾಯಲ್ಲಿ ರುಚೀನೇ ಇಲ್ಲ ಅಂದಳು. ಎಷ್ಟೋ ದಿನದ ಮೇಲೆ ಅವಳ ಮುಖ ಹಗುರಾಗಿತ್ತು.

ನಾಲ್ಕು ನಿಮಿಷಕ್ಕೆ ಜಗಲಿಯಿಂದ ಉತ್ತರ ಬಂತು. ಈ ಮಾತಿನ ರೀತಿ, ಈ ದನಿಯ ಏರಿಳಿತ ಸಾವಿರದ ಮುನ್ನೂರ ಎಂಬತ್ತೊಂಬತ್ತು ಖಾತೆಗಳಿಗೆ ಹೊಂದುತ್ತದೆ. ಇದು ಯಂತ್ರದಿಂದ ಮಾಡಿದ ನಕಲು ಎಂದು ಕಂಡುಬಂದಿದೆ. ನೀವು ಮನುಷ್ಯರಾಗಿದ್ದರೆ ಕೆಳಗಿನ ವಾಕ್ಯವನ್ನು ಓದಿರಿ.

ಅವಳು ಓದಿದಳು. ನಕಲಿಗೆ ಹೊಂದುತ್ತದೆ ಅಂತು. ಇನ್ನೊಂದು ಸಲ, ಗಟ್ಟಿಯಾಗಿ ಓದಿದಳು. ಖಾತೆ ಮುಚ್ಚಿತು. ಜಗಲಿಯ ಲೆಕ್ಕದಲ್ಲಿ ವರಲಕ್ಷ್ಮಿ ಅನ್ನುವವಳು ನಕಲು, ಅವಳ ಹಾಗೆ ಮಾತಾಡುವ ಗಿಣಿಯ ಸಾವಿರ ಬಾಯಿಗಳು ಅಸಲು.

“ನನ್ನ ಮಾತು ಬೇರೆಯೋರ ಬಾಯಿಗೆ ಎಂಗ್ಲಾ ಹೋಯ್ತು?” ಅಂತ ಅವಳು ಕೇಳಿದಳು.

ಅವನು ಹೇಳಿದ. ಅವರೆಕಾಳು, ಫೋನು, ಚೂರು, ಹಂಚಿದ್ದು, ಬೆನ್ನು ತಟ್ಟಿಸಿಕೊಂಡದ್ದು, ಎಲ್ಲ. ಅವಳು ಕೇಳಿ ಮುಗಿಸಿ, ಫೋನನ್ನು ಮೆಟ್ಟಿಲ ಮೇಲಿಟ್ಟು, ಒಳಗೆ ಹೋಗಿ ಅನ್ನಕ್ಕಿಟ್ಟಳು. ಅವತ್ತಿನಿಂದ ಅವನೊಡನೆ ಮಾತು ಬಿಟ್ಟಳು.

ಅವ್ವನೂ ಹೀಗೇ ಮಾಡುತ್ತಿದ್ದಳು. ಅಪ್ಪನ ಮೇಲೆ ಕೋಪ ಬಂದರೆ ಕೂಗಾಡುತ್ತಿರಲಿಲ್ಲ, ಮಾತು ಬಿಡುತ್ತಿದ್ದಳು. ಊರಿನ ಹೆಂಗಸರೆಲ್ಲ ಅದನ್ನೇ ಮಾಡುತ್ತಿದ್ದರು. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತದೆ, ಬಟ್ಟೆ ಒಗೆದು ಮಡಿಸಿ ಇಟ್ಟಿರುತ್ತದೆ, ಒಂದು ಕೆಲಸವೂ ನಿಲ್ಲುವುದಿಲ್ಲ. ಮಾತು ಮಾತ್ರ ಇಲ್ಲ. ಮೊದಲ ದಿನ ಗಂಡಸರು ಬಿಗುಮಾನದಲ್ಲಿರುತ್ತಾರೆ, ಎರಡನೇ ದಿನ ಕೆಮ್ಮಿ ಕ್ಯಾಕರಿಸುತ್ತಾರೆ, ಮೂರನೇ ದಿನ, ಏನಾದ್ರೂ ಅನ್ನೇ, ಬಯ್ಯಾದ್ರೂ ಬಯ್ಯಿ ಅಂತ ಹಿಂದೆ ಹಿಂದೆ ತಿರುಗುತ್ತಾರೆ. ಕೆಂಪರಾಜು ಎರಡನೇ ದಿನಕ್ಕೇ ತಿರುಗತೊಡಗಿದ. ಅಕ್ಕ ತಟ್ಟೆ ಇಟ್ಟು, ಮುಚ್ಚಿ, ಬಸ್ಸಿಗೆ ಹೊರಟು ಹೋದಳು. ಮತ್ತೆ ಅದೇ ಕಲೆ ಕೋಣೆಗೆ.

ಅವನು ತನ್ನ ತಪ್ಪನ್ನು ತಾನೇ ಸರಿಮಾಡುತ್ತೇನೆ ಅಂತ ಹೊರಟ. ಬೀಗದ ಕೈ ಅವನ ಕೈಲೇ ಇತ್ತು. ದುಂಡಮ್ಮನ ಹೆಸರಿನಲ್ಲಿ ಗಿಣಿಯ ಸಾಲಿನೊಳಗೆ ಒಂದು ನಿಜ ತೂರಿಸಿದ: ಕಲೆ ಕೋಣೆಯ ಫ್ಯಾನು ನಿಂತು ಐದು ತಿಂಗಳಾಯಿತು. ಹೊರಡುವ ಮೊದಲು ಗಿಣಿ ಪ್ರತಿ ಮಾತನ್ನೂ ತೊಳೆಯುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು, ಇಷ್ಟು ತೊಳೆಯುತ್ತದೆ ಅಂತ ಗೊತ್ತಿರಲಿಲ್ಲ. ಪರದೆಯ ಮೇಲೆ ಬಂದದ್ದು ಹೀಗಿತ್ತು: ‘ನಮ್ಮ ಕಲೆ ಕೋಣೆಗೆ ಹೊಸ ಫ್ಯಾನು ಬರ್ತದೆ, ಐದು ತಿಂಗಳಿಂದ ಕಾಯ್ತಿದ್ವಿ, ಬೆಲ್ಲ ತಿಂದಂಗಾಯ್ತು.’ ಹಸಿರು ದೀಪ. ಅವನು ಮೇಜಿಗೆ ಗುದ್ದಿದ. ಬೆರಳ ಗೆಣ್ಣಿನಿಂದ ರಕ್ತ ಬಂತು. ಅದಕ್ಕೆ ದೀಪವೇನೂ ಹತ್ತಲಿಲ್ಲ.

ಅವತ್ತು ಸಂಜೆ ವರಲಕ್ಷ್ಮಿ ಬಸ್ಸಿಳಿದು ಮನೆಗೆ ಬರುವಾಗ ಎರಡು ಕಡೆ ಕೂತಳು, ನಾಲ್ಕು ಮನೆಯ ದಾರಿಗೆ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೆ ಬಂದು ಅವಳು ಒಲೆ ಹೊತ್ತಿಸಿದಳು. ಮಾತಿಲ್ಲ. ಪಾತ್ರೆಯ ಸದ್ದು, ಕೆಮ್ಮು, ಮತ್ತೆ ಪಾತ್ರೆಯ ಸದ್ದು. ಆ ಮೌನ ಅವನ ತಲೆಯ ಮೇಲೆ ಒನಕೆಯ ಹಾಗೆ ಬೀಳುತ್ತಿತ್ತು. ಇಷ್ಟು ಕೇಳಿಸುವ ಮಾತನ್ನು ಯಾವ ಗಿಣಿಯೂ ಆಡಿರಲಿಲ್ಲ ಅನ್ನಿಸಿದಾಗ ಅವನು ಎದ್ದು ನಿಂತ.

ಸುಳ್ಳು ಹೇಳಿದರೆ ಕಿವಿ ನಂಬುತ್ತದೆ. ನಿಜ ಹೇಳಿದರೆ ಜಗಲಿ ನಕಲು ಅನ್ನುತ್ತದೆ. ಕಿವಿ ಹೆದರುವುದು ಒಂದಕ್ಕೇ.

ಅವನು ಅಕ್ಕನ ಬೆನ್ನಿಗೆ ಹೇಳಿದ. ಬೀಗದ ಕೈ ತಾನು ಅಳಿಸುತ್ತೇನೆ. ಹೊಸದು ಬೇಕಾದರೆ ಮಾಲೀಕರೇ ಜಗಲಿಯವರಿಗೆ ಅರ್ಜಿ ಹಾಕಿ ಒಂದು ದಿನ ಕಾಯಬೇಕು. ಆಗ ಕಚೇರಿಯವರು ಫೋನು ತಂದು ನಿಮ್ಮ ಕೈಗೇ ಕೊಡುತ್ತಾರೆ, ಮಾತಾಡಿ ಅನ್ನುತ್ತಾರೆ. ಎರಡು ಗಂಟೆ ಯಾರೂ ಬಾಯಿ ಬಿಡಬಾರದು. ಒಬ್ಬಳು ಬಿಟ್ಟರೂ ಮುಗಿಯಿತು, ಕಿವಿ ಸಮಾಧಾನವಾಗುತ್ತದೆ. ಬಯ್ಯಲೂ ಬಾರದು. ಅವಳು ತಿರುಗಲಿಲ್ಲ. ಮುದ್ದೆ ಕೋಲು ಒಂದು ಗಳಿಗೆ ನಿಂತು, ಮತ್ತೆ ತಿರುವತೊಡಗಿತು.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ನಲ್ಲಿ ಹತ್ತಿರ ಟಿಫನ್ ಬಾಕ್ಸು ತೊಳೆಯುತ್ತಿದ್ದ ದುಂಡಮ್ಮ, ಅವನ ಮುಖ ನೋಡದೆ, ಹೆಂಗಸರನ್ನು ಕರೆತರುವ ಎಲ್ಲ ಬಸ್ಸಿನಲ್ಲೂ ಹೇಳಿ ಆಯ್ತು ಅಂದಳು.

“ನಾಳೆ ಹತ್ತು ಗಂಟೆಗೆ ನಿನ್ನ ಕೆಲ್ಸ ನೀನು ಮಾಡ್ಲಾ. ನನ್ನ ಗಂಡನ ತಾವ ಒಂದು ಸಲ ಮೂರು ತಿಂಗಳು ಮಾತು ಬುಟ್ಟಿದ್ದೆ. ಎರಡು ಗಂಟೆ ಯಾವ ಲೆಕ್ಕ.”

ಹತ್ತು ಗಂಟೆಗೆ ಅವನು ಅಳಿಸಿದ. ಬೆರಳಿಗೆ ಬೇಕಾದದ್ದು ಎರಡು ಒತ್ತು. ಪರದೆಯ ಮೇಲೆ ಒಂದು ಹೆಸರು ಅರ್ಧ ಹರಿದು ನಿಂತಿತು. ಆಮೇಲೆ ಕೆಂಪು, ಅದರ ಕೆಳಗೆ ಕೆಂಪು, ಪರದೆಯ ತಳದವರೆಗೆ ಕೆಂಪು. ಮೂರು ನಿಮಿಷಕ್ಕೆ ಶ್ರೀವತ್ಸ ಬಂದ. ಏನಾಯ್ತು ಅಂದ.

“ಅಳಿಸಿದೆ ಸಾರ್. ನಾನೇ.”

ಶ್ರೀವತ್ಸ ಕೂಗಲಿಲ್ಲ. ಅವನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತು ಇಪ್ಪತ್ತು ನಿಮಿಷ ಏನೇನೋ ಒತ್ತಿದ. ಮಾಲೀಕರಿಗೆ ಫೋನು ಮಾಡಿದ, ಜಗಲಿಯವರಿಗೆ ಮಾಡಿದ. ಒಂದು ದಿನ ಅಂದರು. ಅವನ ಅಂಗಿಯ ಬೆನ್ನು ಏಸಿಯಲ್ಲೂ ಒದ್ದೆಯಾಯಿತು. ಇಬ್ಬರು ವಾಚ್‌ಮನ್‌ಗಳನ್ನು ಕರೆದು ಕೆಂಪರಾಜುವಿನ ಕೈ ಹಿಡಿಸಿದ, ಪೊಲೀಸರಿಗೆ ಹೇಳಿ ಅಂದ, ಆಮೇಲೆ ಅವನನ್ನೂ ಎಳೆದುಕೊಂಡು ಕೆಳಗಿಳಿದ. ಖಾತೆಗಳ ಗುಪ್ತಪದ ಯಾರಿಗೆ ಯಾವುದು ಅಂತ ಹೇಳಲು ಇವನೇ ಬೇಕಾಗಿತ್ತು.

ಗೇಟಿನಲ್ಲಿ ಕಿತ್ತಿಟ್ಟುಕೊಳ್ಳುತ್ತಿದ್ದ ಫೋನುಗಳನ್ನು ಅವತ್ತು ಕ್ರೇಟಿನಲ್ಲಿ ತುಂಬಿ ಫ್ಲೋರಿಗೆ ತಂದರು. ಸೂಪರ್‌ವೈಸರ್‌ಗಳೇ ಮಿಷನ್ನಿನ ಹತ್ತಿರ ಬಂದು ಕೈಗೆ ಕೊಟ್ಟರು. ಮಾತಾಡಿ ಅಂದರು. ಹೆಂಗಸರು ಫೋನು ತೆಗೆದುಕೊಂಡು ಮಡಿಲಲ್ಲಿಟ್ಟು ಹೊಲಿಯುತ್ತಾ ಹೋದರು. ಒಂದು ಮಿಷನ್ನೂ ನಿಲ್ಲಲಿಲ್ಲ. ಕಾಲರು ಕಾಲರಿನ ಹಾಗೆ, ತೋಳು ತೋಳಿನ ಹಾಗೆ ಕೂಡಿ ಮುಂದೆ ಹೋಗುತ್ತಿತ್ತು. ಮುಷ್ಕರ ಅನ್ನಲು ಅಲ್ಲಿ ಏನೂ ಇರಲಿಲ್ಲ.

ಹನ್ನೊಂದಾಯಿತು. ಒಂದು ಮಾತು ಸಾಕು, ಏನಾದರೂ ಸರಿ ಅಂದ ಶ್ರೀವತ್ಸ, ಸಾಲಿನಿಂದ ಸಾಲಿಗೆ ಓಡುತ್ತಾ. ಕೆಟ್ಟದ್ದಾದರೂ ಹೇಳಿ ಅಂದ. ನಾಳೆಯಿಂದ ಟಾಯ್ಲೆಟ್ಟಿಗೆ ಲೆಕ್ಕ ಇಲ್ಲ ಅಂದ. ಹನ್ನೊಂದೂವರೆಗೆ ಫ್ಯಾನಿನ ಮಾತೆತ್ತಿದ. ಹೆಂಗಸರು ಅವನನ್ನು ನೋಡಿದ್ದು ಊಟಕ್ಕೆ ಬಾರದ ಗಂಡನನ್ನು ನೋಡುವ ಹಾಗೆ. ಕಿಟಕಿ ಪಕ್ಕದಲ್ಲಿ ಹೋದ ತಿಂಗಳು ಸೇರಿದ ಹುಡುಗಿಯೊಬ್ಬಳಿದ್ದಳು, ಹತ್ತೊಂಬತ್ತು ವರ್ಷ ಇರಬೇಕು. ಸೂಪರ್‌ವೈಸರ್ ಅವಳ ಮುಖಕ್ಕೇ ಫೋನು ಹಿಡಿದು, ಕೆಲಸ ಬೇಕಾ ಬೇಡ್ವಾ ಅಂತ ಮೆಲ್ಲಗೆ ಹೇಳಿದ. ಅವಳ ತುಟಿ ನಡುಗಿ ಬಿರಿಯಿತು. ವಾಚ್‌ಮನ್‌ಗಳ ನಡುವೆ ನಿಂತಿದ್ದ ಕೆಂಪರಾಜು ಅವಳ ಕಡೆಗೇ ನೋಡುತ್ತಿದ್ದ. ಎರಡು ಸಾಲು ಆಚೆ ದುಂಡಮ್ಮ ತಲೆಯೆತ್ತಿ ಹುಡುಗಿಯನ್ನು ನೋಡಿದಳು, ಅಷ್ಟೇ. ಹುಡುಗಿ ದುಪಟ್ಟಾದ ತುದಿಯನ್ನು ಬಾಯೊಳಗೆ ತುರುಕಿಕೊಂಡು ಮಿಷನ್ ಪೆಡಲ್ ಒತ್ತಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹೊಲಿಗೆ ನೇರವಾಗಿತ್ತು.

ಹನ್ನೆರಡಕ್ಕೆ ಶ್ರೀವತ್ಸನ ಫೋನು ಬಡಿದುಕೊಂಡಿತು. ಕಿವಿಯಲ್ಲ, ಮನುಷ್ಯರು. ಕೊಳ್ಳುವ ಕಂಪನಿಗಳ ಬೆಂಗಳೂರಿನ ತುರ್ತು ಕಚೇರಿಯಿಂದ ಒಬ್ಬ ಹೆಂಗಸು. ಅವಳ ದನಿಯಲ್ಲಿ ಗಾಬರಿಯಿತ್ತು. ಏನೂ ಆಗಿಲ್ಲ ಮೇಡಂ, ತಾಂತ್ರಿಕ ತೊಂದರೆ ಅಂದ ಶ್ರೀವತ್ಸ. ಮ್ಯಾನೇಜರ್ ಮಾತು ನಮಗೆ ಲೆಕ್ಕಕ್ಕಿಲ್ಲ, ಸ್ಪೀಕರ್ ಹಾಕಿ, ಹೊಲಿಯುವವರಿಗೆ ಕೊಡಿ ಅಂದಳು ಅವಳು.

“ಯಾರಾದರೂ ಇದೀರಾ? ಬದುಕಿದೀರಾ?”

ಆಗ ಮಿಷನ್ನುಗಳು ನಿಂತವು. ಯಾರೂ ನಿಲ್ಲಿಸಿ ಅಂದಿರಲಿಲ್ಲ.

ಮೂಲೆಯ ಬಾಗಿಲು ತೆಗೆದು ವರಲಕ್ಷ್ಮಿ ಬಂದಳು. ಹಿಂದೆ ಸಿಹಿ ವಾಸನೆ ಬಂತು, ಅದರ ಹಿಂದೆ ಇಪ್ಪತ್ತೊಂದು ಹೆಂಗಸರು. ಮಿಷನ್ನುಗಳ ಮಧ್ಯದ ದಾರಿಯನ್ನು ಅವಳು ಎರಡು ಕಡೆ ನಿಂತು ನಿಂತು ದಾಟಿದಳು. ಶ್ರೀವತ್ಸನ ಕೈಯಿಂದ ಫೋನು ತೆಗೆದುಕೊಂಡಳು. ಮಾತಾಡಲು ಬಾಯಿ ತೆರೆದಳು, ಬಂದದ್ದು ಕೆಮ್ಮು. ಒಣ ಕೆಮ್ಮಲ್ಲ, ಕಿಬ್ಬೊಟ್ಟೆಯಿಂದ ಎದ್ದು, ಬೆನ್ನು ಬಗ್ಗಿಸಿ, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಎದ್ದು ಬರುವ ಕೆಮ್ಮು. ಫೋನಿನ ಆಚೆಯವಳು ಕೊನೆಯವರೆಗೂ ಕೇಳಿಸಿಕೊಂಡಳು. ಕೆಂಪರಾಜುವೂ ಕೇಳಿದ. ವರ್ಷಕ್ಕೂ ಹಿಂದೆ ತಾನು ಕತ್ತರಿಸಿ ಎಸೆದ ಚೂರುಗಳೆಲ್ಲ ಒಟ್ಟಿಗೆ ತಿರುಗಿ ಬರುತ್ತಿದ್ದವು. ಇದೊಂದನ್ನು ಗಿಣಿಗೆ ಯಾರೂ ಕಲಿಸಿರಲಿಲ್ಲ.

“ಬದುಕಿದೀವಿ,” ಅಂದಳು ವರಲಕ್ಷ್ಮಿ. “ಕಲೆ ಕೋಣೆಯೋರು ನಾವು, ಇಪ್ಪತ್ತೆರಡು ಜನ. ಇಲ್ಲೀಗಂಟ ನೀವು ಓದಿದ್ದು ಯಾವುದೂ ನಮ್ಮ ಮಾತಲ್ಲ. ಬಂದು ಕಣ್ಣಲ್ಲಿ ನೋಡಿ.”

ಬರುತ್ತಿದ್ದೇವೆ, ಯಾರೂ ಏನನ್ನೂ ಮುಟ್ಟಬೇಡಿ ಅಂತು ಆಚೆಯ ದನಿ. ಶ್ರೀವತ್ಸ ಒಂದು ಸ್ಟೂಲು ಹುಡುಕಿ ಕೂತ. ಹೊರಗೆ ಗೇಟಿನಲ್ಲಿ ಪೊಲೀಸ್ ಜೀಪಿನ ಹಾರನ್ನು ಕೇಳಿಸಿತು, ಅದು ಕೆಂಪರಾಜುವಿಗೆ ಬಂದದ್ದು. ಇಷ್ಟು ಸಣ್ಣ ಮಾತು ಅಲ್ಲಿಗೆ ಮುಟ್ಟಲು ಅಕ್ಕನ ಎದೆಗೂಡು ಹೀಗಾಗಬೇಕಾಗಿತ್ತೇ ಅಂತ ಅವನು ಹಲ್ಲು ಕಚ್ಚಿ ನಿಂತಿದ್ದ.

ವರಲಕ್ಷ್ಮಿ ಫೋನನ್ನು ದುಂಡಮ್ಮನ ಕೈಗೆ ಕೊಟ್ಟು, ಮಿಷನ್ನು ಹಿಡಿದುಕೊಂಡು ನಿಂತು, ತಮ್ಮನ ಕಡೆ ತಿರುಗಿದಳು. ಅವನೊಡನೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು.

“ನೀರ್ ತತ್ತಾರ್ಲಾ ಕೆಂಪ,” ಅಂದಳು.

ವಾಚ್‌ಮನ್‌ಗಳ ಕೈ ತಾನಾಗಿ ಸಡಿಲವಾಯಿತು. ಅವನು ನೀರಿಗೆ ಹೋದ.